ಮುಪ್ಪಿನಲ್ಲಿ ಹಾಡಿನ ಆಸರೆ

ಪೊಳಲಿ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಮೀನ ತಿಂಗಳ ಜಾತ್ರೆ, ಗದ್ದೆಯಲ್ಲಿ ನಡೆಯುವ ಚೆಂಡು, ರಾಶಿ ಹಾಕಿದ ಕಲ್ಲಂಗಡಿ ಹಣ್ಣು. ಫಲ್ಗುಣಿ ಹೊಳೆಯ ದಂಡೆಯ ಈ ಊರಿನ ರಾಜರಾಜೇಶ್ವರಿಯ ಮೂರ್ತಿ ಮಣ್ಣಿನದು. ಅದಕ್ಕೊಂದು ಐತಿಹ್ಯವಿದೆ. ರಾಜ್ಯ ಕಳೆದುಕೊಂಡ ಸುರಥನೆಂಬ ಅರಸನು ಕಾಡು ಸೇರಿ, ಸುಮೇಧ ಮುನಿಯ ಆಶ್ರಮದಲ್ಲಿ ದೇವಿಯ ಮಹಿಮೆಯನ್ನು ಕೇಳಿ, ಮಣ್ಣಿನಿಂದಲೇ ಆಕೆಯ ಮೂರ್ತಿಯನ್ನು ಮಾಡಿ ಪೂಜಿಸಿದನಂತೆ. ‘ದೇವಿ ಮಹಾತ್ಮೆ’ಯ ಆಟ ನೋಡಿದವರಿಗೆ ಈ ಕತೆ ಹೊಸತಲ್ಲ. ಆದರೆ ಅದೇ ಆಶ್ರಮಕ್ಕೆ ಬಂದಿದ್ದ ಇನ್ನೊಬ್ಬನನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅವನು ಸಮಾಧಿಯೆಂಬ ವೈಶ್ಯ. ಹಣದಾಸೆಯಿಂದ ಹೆಂಡತಿ ಮಕ್ಕಳೇ ಅವನನ್ನು ಮನೆಯಿಂದ ಹೊರಗೆ ಹಾಕಿದ್ದರು. ಆದರೂ ಅವನು ಆ ಮಕ್ಕಳ ಯೋಗಕ್ಷೇಮವನ್ನೇ ನೆನೆದು ಕೊರಗುತ್ತಿದ್ದ. ಮುನಿಯು ಅವನನ್ನೂ ಕೂರಿಸಿಕೊಂಡು ಕತೆಯನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದನು.

ನನ್ನ ತಾಯಿಯನ್ನು ನಾನು ಹೊರಗೆ ಹಾಕಲಿಲ್ಲ. ಆದರೆ ಆಕೆಯ ಕೊನೆಗಾಲದ ಎಂಟು ತಿಂಗಳುಗಳನ್ನು ಆಕೆ ಒಂದು ವೃದ್ಧಾಶ್ರಮದಲ್ಲಿ ಕಳೆದಳೆಂಬುದು ನಿಜ. ಇಂದು ನಾನು ಆಡಬೇಕೆಂದಿರುವ ನಾಲ್ಕು ಮಾತುಗಳು ಅಲ್ಲಿ ಕಲಿತವು.

ನಮ್ಮದು ಗೇಣಿ ಒಕ್ಕಲಿನ ಮನೆ. 1974ರ ಭೂಸುಧಾರಣಾ ಕಾಯಿದೆ ಬಂದ ಮೇಲೆ ಗದ್ದೆ ನಮ್ಮದಾಯಿತು. ಅದಕ್ಕೂ ಮೊದಲು, ಆಮೇಲೆಯೂ, ಏಣೆಲು ಬೆಳೆಯ ನೇಜಿ ನೆಡುವ ಹೆಂಗಸರ ಸಾಲಿನಲ್ಲಿ ನನ್ನ ತಾಯಿಯೇ ಮುಂದಾಳು. ಆಕೆ ಹಾಡಿನ ಒಂದು ತುಂಡನ್ನು ಎತ್ತುವಳು. ಉಳಿದವರು ಸೊಂಟ ಬಗ್ಗಿಸಿಕೊಂಡೇ ಅದಕ್ಕೆ ದನಿಗೂಡಿಸುವರು. ಹಾಡಿನ ಲಯಕ್ಕೆ ಸರಿಯಾಗಿ ಕೈಗಳು ಕೆಸರಿಗೆ ಇಳಿಯುತ್ತಿದ್ದವು. ನಾನೋ ಶಾಲೆಯಲ್ಲಿ ಕನ್ನಡ ಪದ್ಯಗಳನ್ನು ಬಾಯಿಪಾಠ ಮಾಡುವ ಹುಡುಗ. ಗದ್ದೆಯ ತುಳು ಹಾಡು ನನ್ನ ಜೊತೆಯ ಹುಡುಗರ ಕಿವಿಗೆ ಬೀಳುವುದೇ ನನಗೆ ನಾಚಿಕೆಯಾಗಿತ್ತು.

ಎಂಬತ್ತರ ಆಸುಪಾಸಿನಲ್ಲಿ ತಾಯಿಗೆ ಮರೆವು ಶುರುವಾಯಿತು. ಮೊದಲು ಒಲೆಯ ಮೇಲಿಟ್ಟ ಹಾಲು, ಆಮೇಲೆ ಮೊಮ್ಮಕ್ಕಳ ಹೆಸರು, ಕೊನೆಗೆ ನಾನು ಯಾರೆಂಬುದು. ವೈದ್ಯರು ಆಲ್ಝೈಮರ್ಸ್ ಎಂದರು. ರಾತ್ರಿ ಎದ್ದು ಗದ್ದೆಗೆ ಹೊರಡುವಳು. ಮನೆಯಲ್ಲಿ ನೋಡಿಕೊಳ್ಳುವುದು ಅಸಾಧ್ಯವೆನಿಸಿದಾಗ ಪಟ್ಟಣದ ಒಂದು ವೃದ್ಧಾಶ್ರಮಕ್ಕೆ ಸೇರಿಸಿದೆವು. ಸೇರಿಸುವ ದಿನ ಒಂದು ಹಾಳೆ ತುಂಬಿಸಬೇಕಾಗಿತ್ತು: ಯಾವ ಔಷಧ, ಯಾವ ಆಹಾರ ಆಗದು, ಯಾರಿಗೆ ದೂರವಾಣಿ ಮಾಡಬೇಕು. ಎಲ್ಲವನ್ನೂ ಬರೆದುಕೊಟ್ಟೆ.

ಅಲ್ಲಿ ಶುಚಿಗೆ ಕೊರತೆಯಿರಲಿಲ್ಲ. ಸಂಗೀತಕ್ಕೂ ಕೊರತೆಯಿರಲಿಲ್ಲ, ಬೆಳಗಿನಿಂದ ರಾತ್ರಿಯವರೆಗೆ ಹಜಾರದ ಧ್ವನಿವರ್ಧಕ ಹಾಡುತ್ತಲೇ ಇತ್ತು. ತಾಯಿ ಸೆರಗಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನಾನು ನನಗೆ ಪ್ರಿಯವಾದ ವೀಣಾವಾದನವನ್ನು ತಂದು ಕೇಳಿಸಿದೆ. ಆಕೆ ನನ್ನ ಕೈಯನ್ನು ತಳ್ಳಿದಳು. ಮುಪ್ಪಿಗೆ ಸಂಗೀತ ಒಳ್ಳೆಯದೆಂದು ಎಲ್ಲೋ ಓದಿದ್ದೆ. ಓದಿದ್ದೆಲ್ಲ ಸುಳ್ಳೆಂದು ಅಂದುಕೊಂಡೆ.

ಒಂದು ಮಧ್ಯಾಹ್ನ ನಾನು ಹೋದಾಗ ಸ್ನಾನದ ಕೋಣೆಯಿಂದ ತಾಯಿಯ ದನಿ ಕೇಳಿಸಿತು. ಸ್ನಾನವೆಂದರೆ ಆಕೆ ಕಿರಿಚಿ, ಪರಚಿ ರಂಪ ಮಾಡುತ್ತಿದ್ದ ದಿನಗಳವು. ಅಂದು ಆಕೆ ಹಾಡುತ್ತಿದ್ದಳು. ನೀರು ಹೊಯ್ಯುತ್ತಿದ್ದ ಆರೈಕೆಯ ಹುಡುಗಿ ಬೆಳ್ತಂಗಡಿ ಕಡೆಯ ಬೇಸಾಯಗಾರರ ಮನೆಯವಳು. ಅಜ್ಜಿಯಿಂದ ಕಿವಿಗೆ ಬಿದ್ದಿದ್ದ ನೇಜಿಯ ಹಾಡೊಂದನ್ನು ತನ್ನ ಪಾಡಿಗೆ ಗುನುಗಿದ್ದಳಂತೆ. ತಾಯಿ ಅದನ್ನು ಹಿಡಿದು ಮುಂದಿನ ತುಂಡನ್ನು ಎತ್ತಿದಳು, ಹುಡುಗಿ ದನಿಗೂಡಿಸಿದಳು. ಅಂದು ಸ್ನಾನ ಗಲಾಟೆಯಿಲ್ಲದೆ ಮುಗಿಯಿತು. ತಲೆ ಒರೆಸಿಕೊಂಡು ಮಂಚದ ಮೇಲೆ ಕುಳಿತ ತಾಯಿ ನನ್ನ ಮುಖ ನೋಡಿ ಇನ್ನೊಂದು ತುಂಡು ಹಾಡಿದಳು. ಹಾಡಿ ನಿಲ್ಲಿಸಿ ಕಾದಳು. ನನಗೆ ಉತ್ತರ ಗೊತ್ತಿರಲಿಲ್ಲ. ಐವತ್ತು ವರ್ಷ ಆಕೆಯ ಜೊತೆಗಿದ್ದ ಮಗನಿಗೆ ಗೊತ್ತಿಲ್ಲದ್ದು ಮೂರು ವಾರದ ಪರಿಚಯದ ಹುಡುಗಿಗೆ ಗೊತ್ತಿತ್ತು. ಸೇರಿಸುವ ದಿನದ ಹಾಳೆಯಲ್ಲಿ, ‘ಇವರಿಗೆ ಯಾವ ಹಾಡು ಇಷ್ಟ?’ ಎಂದು ಕೇಳಿರಲಿಲ್ಲ. ಕೇಳಿದ್ದರೂ ನಾನು ಆ ಜಾಗವನ್ನು ಖಾಲಿ ಬಿಡುತ್ತಿದ್ದೆ.

ಹೆಸರುಗಳೆಲ್ಲ ಅಳಿಸಿಹೋದ ಮೇಲೂ ಹಾಡು ಉಳಿಯುವುದು ಹೇಗೆ? 2015ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು ಮಿದುಳಿನ ಚಿತ್ರಗಳನ್ನು ಪರಿಶೀಲಿಸಿ, ಬಹುಕಾಲದಿಂದ ಬಲ್ಲ ಹಾಡುಗಳ ನೆನಪಿಗೆ ಸಂಬಂಧಪಟ್ಟ ಕೆಲವು ಭಾಗಗಳು ಆಲ್ಝೈಮರ್ಸ್ ರೋಗದಲ್ಲಿ ಉಳಿದ ಭಾಗಗಳಷ್ಟು ಬೇಗ ಸವೆಯುವುದಿಲ್ಲವೆಂದು ಕಂಡುಕೊಂಡರು. ಇಂಗ್ಲೆಂಡಿನ ಸಂಗೀತಗಾರ ಕ್ಲೈವ್ ವೇರಿಂಗ್ 1985ರಲ್ಲಿ ಮಿದುಳಿನ ಸೋಂಕಿಗೆ ತುತ್ತಾಗಿ, ಅರೆನಿಮಿಷದ ಹಿಂದಿನದೂ ನೆನಪಿಲ್ಲದ ಸ್ಥಿತಿಗೆ ಬಂದರು. ಆದರೂ ಪಿಯಾನೋದ ಮುಂದೆ ಕುಳಿತರೆ ಅವರ ಬೆರಳು ತಪ್ಪುತ್ತಿರಲಿಲ್ಲ. ಬಾಲ್ಯದಲ್ಲಿ, ಹರೆಯದಲ್ಲಿ, ಮೈಯ ದುಡಿಮೆಯ ಜೊತೆಗೆ ಕಲಿತ ಹಾಡು ಬುದ್ಧಿಯಲ್ಲಷ್ಟೇ ಅಲ್ಲ, ಕೈಕಾಲುಗಳ ಅಭ್ಯಾಸದಲ್ಲಿಯೂ ಬೇರೂರಿರುತ್ತದೆ. ಪಕ್ಷವಾತದಿಂದ ಮಾತು ಬಿದ್ದವರಿಗೆ ರಾಗದ ಮೂಲಕ ಮಾತು ಕಲಿಸುವ ಕ್ರಮವೊಂದನ್ನು 1973ರಲ್ಲಿ ಅಮೆರಿಕದ ಬಾಸ್ಟನ್ನಿನ ತಜ್ಞರು ರೂಪಿಸಿದರು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೆಜ್ಜೆ ತಡವರಿಸುವವರು ತಾಳದ ಪೆಟ್ಟಿಗೆ ಸರಿಯಾಗಿ ನಡೆದಾಗ ಹೆಜ್ಜೆ ಸುಧಾರಿಸುವುದೂ ಪ್ರಯೋಗಗಳಲ್ಲಿ ಕಂಡುಬಂದಿದೆ. ಸ್ವೀಡನ್ನಿನಲ್ಲಿ ದಾದಿಯರು ಹಾಡುತ್ತ ಬಟ್ಟೆ ತೊಡಿಸಿದಾಗ ಮರೆವಿನ ರೋಗಿಗಳು ಹೆಚ್ಚು ಸಹಕರಿಸಿದರೆಂದು ಅಧ್ಯಯನಗಳಿವೆ. ನಮ್ಮ ಹುಡುಗಿ ಯಾವ ಅಧ್ಯಯನವನ್ನೂ ಓದದೆ ಮಾಡಿದ್ದು ಅದನ್ನೇ.

ಆದರೆ ಆಸೆಯನ್ನು ಅಳತೆ ಮೀರಿ ಬೆಳೆಸಬಾರದು. 2025ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ವಿಮರ್ಶೆಯು 15 ದೇಶಗಳ 30 ಪ್ರಯೋಗಗಳನ್ನು, 1,720 ಜನರ ವಿವರಗಳನ್ನು ತೂಗಿ ನೋಡಿದೆ. ಸಂಗೀತ ಚಿಕಿತ್ಸೆಯಿಂದ ಮರೆವಿನ ರೋಗಿಗಳ ಖಿನ್ನತೆ ಬಹುಶಃ ತಗ್ಗುತ್ತದೆ, ಒಟ್ಟು ನಡವಳಿಕೆಯೂ ಸ್ವಲ್ಪ ಸುಧಾರಿಸಬಹುದು ಎಂಬುದು ಅದರ ತೀರ್ಮಾನ. ಉದ್ರೇಕವಾಗಲಿ, ಮರೆವಾಗಲಿ ಕಡಿಮೆಯಾದೀತೆಂಬ ಭರವಸೆಯನ್ನು ಅದು ಕೊಡುವುದಿಲ್ಲ. ಇಂಥ ರೋಗಕ್ಕೆ ಇಂಥ ರಾಗವೆಂದು ಪಟ್ಟಿ ಕೊಡುವವರು ನಮ್ಮಲ್ಲಿದ್ದಾರೆ. ನನ್ನ ಅನುಭವ ಆ ಪಟ್ಟಿಗೆ ಒಪ್ಪುವುದಿಲ್ಲ. ತಾಯಿ ಕೊನೆಯವರೆಗೂ ನನ್ನನ್ನು ತನ್ನ ಅಣ್ಣನೆಂದೇ ಕರೆದಳು. ಹಾಡಿದ ದಿನ ಊಟ ಮಾಡಿದಳು, ನಿದ್ದೆ ಮಾಡಿದಳು. ಅದು ಸಣ್ಣ ಲಾಭವೆಂದು ಮರೆವಿನವರ ಪಕ್ಕದಲ್ಲಿ ರಾತ್ರಿ ಕಳೆದವರು ಯಾರೂ ಹೇಳಲಾರರು.

ನಮ್ಮ ಜಿಲ್ಲೆಯಲ್ಲಿ ಒಂದೇ ಹಜಾರದಲ್ಲಿ ಹತ್ತು ಮಂಚಗಳಿದ್ದರೆ ನಾಲ್ಕು ಮನೆಮಾತುಗಳಿರುತ್ತವೆ. ಕೊಂಕಣಿ ಕ್ರೈಸ್ತ ಅಜ್ಜಿಗೆ ಇಗರ್ಜಿಯ ಕೀರ್ತನೆ, ಬ್ಯಾರಿ ಅಜ್ಜನಿಗೆ ಮದುವೆ ಮನೆಯಲ್ಲಿ ಕೇಳಿದ ಹಾಡು, ಹವ್ಯಕ ಮನೆಯ ಹಿರಿಯಳಿಗೆ ಶೋಭಾನೆ. ಮೂಡುಬಿದಿರೆಯ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು 2023ರಲ್ಲಿ ಕಾಲವಾದರು. ಚೆಂಡೆಯ ಜೊತೆ ಅವರ ಏರುದನಿಯನ್ನು ರಾತ್ರಿಯಿಡೀ ಕೇಳಿದ ತಲೆಮಾರು ಈಗ ಮಂಚ ಹಿಡಿದಿದೆ. ಅವರಿಗೆ ಮೆಲುದನಿಯ ಕೊಳಲಿಗಿಂತ ಆ ಚೆಂಡೆಯೇ ಹೆಚ್ಚು ನೆಮ್ಮದಿ ಕೊಟ್ಟೀತು. ಹಾಡು ಯಾರದೆಂಬುದನ್ನು ತಿಳಿಯದೆ ಧ್ವನಿವರ್ಧಕವನ್ನು ಹಚ್ಚುವುದು, ಹೆಸರು ಕೇಳದೆ ಮಾತ್ರೆ ಕೊಟ್ಟಂತೆ.

ಮಾಡಬೇಕಾದದ್ದು ಕಷ್ಟದ್ದಲ್ಲ. ಸೇರಿಸುವ ಹಾಳೆಯಲ್ಲಿ ಹಾಡಿಗೂ ಒಂದು ಸಾಲಿರಲಿ: ಎಳವೆಯಲ್ಲಿ ಏನು ಹಾಡುತ್ತಿದ್ದರು, ಎಲ್ಲಿ, ಯಾರೊಂದಿಗೆ, ಯಾವುದನ್ನು ಕೇಳಿದರೆ ದುಃಖವಾಗುತ್ತದೆ. ತೀರಿಹೋದ ಮಗುವಿನ ಜೋಗುಳ ಗಾಯವನ್ನು ಕೆದಕಲೂಬಹುದು; ಮುಖ ನೋಡಿ ನಿಲ್ಲಿಸಲು ತಿಳಿದಿರಬೇಕು. ಕಿವಿ ಮಂದವಾದವರಿಗೆ ಗದ್ದಲವೇ ಹಿಂಸೆ. ಹತ್ತಿರ ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಹಾಡಬೇಕು. ದಿನವಿಡೀ ಬೇಡ, ಅರ್ಧ ಗಂಟೆ ಸಾಕು. ಸ್ವರ ತಪ್ಪಿದರೂ ಚಿಂತೆಯಿಲ್ಲ. 2007ರ ಹಿರಿಯ ನಾಗರಿಕರ ಕಾಯಿದೆಯು ಅನ್ನ, ಬಟ್ಟೆ, ವಸತಿ, ಔಷಧೋಪಚಾರಗಳನ್ನು ಮಕ್ಕಳ ಹೊಣೆಯೆಂದು ಹೇಳುತ್ತದೆ. ಹಾಡಿಗೆ ದನಿಗೂಡಿಸಬೇಕೆಂದು ಯಾವ ಕಾಯಿದೆಯೂ ಹೇಳಲಾರದು.

ಕೊನೆಯ ತಿಂಗಳುಗಳಲ್ಲಿ ನಾನು ಆ ಹುಡುಗಿಯಿಂದ ಮೂರು ಹಾಡುಗಳ ಪಲ್ಲವಿ ಕಲಿತೆ. ತಾಯಿ ಎತ್ತಿದಾಗ ಹೇಗೋ ಉತ್ತರ ಕೊಡುತ್ತಿದ್ದೆ. ತಪ್ಪಿದರೆ ಆಕೆ ಕೈಯೆತ್ತಿ ತಿದ್ದುತ್ತಿದ್ದಳು. ಮಗನೆಂದು ತಿಳಿಯದಿದ್ದರೂ, ಸಾಲಿನಲ್ಲಿ ನೇಜಿ ನೆಡುವ ಒಬ್ಬ ಜೊತೆಗಾರನೆಂದು ತಿಳಿದಳೆಂದು ನನ್ನ ನಂಬಿಕೆ. ಆಕೆಗೆ ಗೊತ್ತಿದ್ದದ್ದು ಮೂರೇ ಹಾಡುಗಳಲ್ಲ. ಉಳಿದವು ಯಾವುವೆಂದು ಈಗ ಕೇಳೋಣವೆಂದರೆ ಆಕೆಯಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ, ಈ ಭಾಷಣ ಮುಗಿದ ಮೇಲೆ ರೇಡಿಯೋ ನಿಲ್ಲಿಸಿ ಅವರ ಬಳಿ ಕುಳಿತು ಒಂದು ಹಾಡು ಕೇಳಿರಿ. ಅವರು ನಿಲ್ಲಿಸಿದಲ್ಲಿ ಏನು ಹೇಳಬೇಕೆಂಬುದನ್ನೂ ಕೇಳಿ ಕಲಿಯಿರಿ.

(ಬಾನುಲಿ ಭಾಷಣ)