ಭುಜದಲ್ಲಿ ಸುಣ್ಣ ಕಟ್ಟಿದೆಯೇ? ತಿಕ್ಕಿಸಿ ಒಡೆಸಲು ಹೋಗಬೇಡಿ

(ಹೊರರೋಗಿಗಳಿಗಾಗಿ ನಡೆದ ಆರೋಗ್ಯ ತಿಳಿವಳಿಕೆ ಕಾರ್ಯಕ್ರಮದ ಉಪನ್ಯಾಸ)



"ಸಿಸ್ಟರ್, ವಿಭೂತಿ ಹಚ್ಚಿಕೊಳ್ಳಲು ಕೈ ಏಳುತ್ತಿಲ್ಲ", "ಜಡೆ ಹಾಕಿಕೊಳ್ಳಲು ಆಗುತ್ತಿಲ್ಲ", "ಆ ಮಗ್ಗುಲಿಗೆ ಮಲಗಿದರೆ ನಿದ್ದೆಯೇ ಇಲ್ಲ" ಎಂದು ಬರುವವರಲ್ಲಿ ಕೆಲವರ ಎಕ್ಸ್‌ರೇಯಲ್ಲಿ ಭುಜದ ಹತ್ತಿರ ಬಿಳಿ ಮಚ್ಚೆ ಕಾಣುತ್ತದೆ. ಅದು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ಅದನ್ನು ಕಂಡೊಡನೆ ಹಲವರು ಬಲವಾಗಿ ತಿಕ್ಕಿಸಿ ಒಡೆಸಲು ಹೊರಡುತ್ತಾರೆ. ಇಂದಿನ ಮಾತು ಅದರ ಬಗ್ಗೆಯೇ.

ಇದು ಏನು?

ತೋಳನ್ನು ಎತ್ತುವ, ತಿರುಗಿಸುವ ನಾಲ್ಕು ಸ್ನಾಯುಗಳು ಹಗ್ಗದಂಥ ರಜ್ಜುಗಳಿಂದ ತೋಳಿನ ಮೂಳೆಗೆ ಅಂಟಿಕೊಂಡಿವೆ. ಆ ರಜ್ಜುವಿನ ಒಳಗೆ ಸುಣ್ಣ ಕಟ್ಟುತ್ತದೆ. 30ರಿಂದ 60 ವರ್ಷದೊಳಗಿನವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇದ್ದವರಲ್ಲೂ ಹೆಚ್ಚಾಗಿ ಕಾಣುತ್ತದೆ. ಹಾಲು, ರಾಗಿ ಸೇವಿಸಿದ್ದರಿಂದ ಇದು ಬರುವುದಿಲ್ಲ. ವೈದ್ಯರು ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಕಟ್ಟಿದ ಸುಣ್ಣ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಹಾಗೇ ಇರುತ್ತದೆ. ಮುಂದೆ ಬಹಳ ಜನರಲ್ಲಿ ದೇಹವೇ ಅದನ್ನು ಕರಗಿಸತೊಡಗುತ್ತದೆ. ಸೀಮೆಸುಣ್ಣದಂತೆ ಗಟ್ಟಿಯಿದ್ದದ್ದು ಟೂತ್‌ಪೇಸ್ಟಿನಂತೆ ಮೆತ್ತಗಾಗುತ್ತದೆ. ರಾತ್ರೋರಾತ್ರಿ ತಡೆಯಲಾರದ ನೋವು ಬರುವುದು ಹೆಚ್ಚಾಗಿ ಈ ಹಂತದಲ್ಲೇ. ಆದ್ದರಿಂದ ನೋವು ಹೆಚ್ಚಿತೆಂದರೆ ರೋಗ ಕೈಮೀರಿತೆಂದು ತಿಳಿಯಬೇಡಿ. ಆದರೆ ವೈದ್ಯರಿಗೆ ತೋರಿಸಿ.

ಕೈಯಿಂದ ಮಾಡುವ ಚಿಕಿತ್ಸೆ

ಸುಣ್ಣ ಇರುವುದು ಚರ್ಮದಡಿಯಲ್ಲಲ್ಲ. ದಪ್ಪ ಸ್ನಾಯುವಿನ ಕೆಳಗೆ, ರಜ್ಜುವಿನೊಳಗೆ. ಹೊರಗಿನಿಂದ ಎಷ್ಟು ಒತ್ತಿದರೂ ಅದು ಪುಡಿಯಾಗುವುದಿಲ್ಲ. ಉರಿಯೂತ ಇರುವಾಗ ತಿಕ್ಕಿದರೆ, ಜಗ್ಗಿದರೆ ನೋವೇ ಹೆಚ್ಚುತ್ತದೆ.

ಹಾಗಾದರೆ ಫಿಜಿಯೋಥೆರಪಿಸ್ಟರ ಕೈಗೇನು ಕೆಲಸ? ನೋವಿಗೆ ಹೆದರಿ ಕೈ ಆಡಿಸದೆ ಬಿಟ್ಟರೆ ಕೀಲು ಬಿಗಿಯುತ್ತದೆ. ಸುಣ್ಣ ಕರಗಿದ ಮೇಲೂ ಕೈ ಮೇಲೇಳದೆ ಹೋಗಬಹುದು. ಇದನ್ನು ತಪ್ಪಿಸಲು ಅವರು ನಿಮ್ಮ ತೋಳಿನ ಭಾರವನ್ನು ತಾವೇ ಹೊತ್ತು, ಕೀಲನ್ನು ಮೆಲ್ಲಗೆ ಕೆಳಕ್ಕೂ ಹಿಂದಕ್ಕೂ ಸರಿಸುತ್ತಾರೆ. ಬಿಗಿದ ಕುತ್ತಿಗೆ, ಬೆನ್ನಿನ ಸ್ನಾಯುಗಳನ್ನು ಸಡಿಲಿಸುತ್ತಾರೆ. ಈ ಚಿಕಿತ್ಸೆ ಸುಣ್ಣವನ್ನು ತೆಗೆಯುವುದಕ್ಕಲ್ಲ; ಕೈಯ ಚಲನೆಯನ್ನು ಉಳಿಸುವುದಕ್ಕೆ. ಮನೆಯ ವ್ಯಾಯಾಮವೂ ಜೊತೆಗೆ ಬೇಕು.

ಮನೆಯಲ್ಲಿ ಹೀಗೆ ಮಾಡಿ

1. ತೀವ್ರ ನೋವಿದ್ದಾಗ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಇಡಿ. ಚರ್ಮದಲ್ಲಿ ಸ್ಪರ್ಶ ಕಡಿಮೆ ಇರುವವರು ಇಡಬಾರದು.

2. ನೋವು ತುಸು ತಗ್ಗಿದ ಮೇಲೆ, ಒಳ್ಳೆಯ ಕೈಯನ್ನು ಮೇಜಿನ ಮೇಲೆ ಊರಿ ಮುಂದಕ್ಕೆ ಬಾಗಿ. ನೋವಿನ ಕೈಯನ್ನು ಸಡಿಲವಾಗಿ ಇಳಿಬಿಟ್ಟು, ಗಡಿಯಾರದ ಲೋಲಕದಂತೆ ಒಂದೆರಡು ನಿಮಿಷ ತೂಗಿಸಿ.

3. ಮುಂದಿನ ವಾರಗಳಲ್ಲಿ ಗೋಡೆಗೆ ಎದುರಾಗಿ ನಿಂತು, ಬೆರಳುಗಳಿಂದ ಗೋಡೆ ಹತ್ತಿದಂತೆ ಕೈಯನ್ನು ತಡೆಯುವಷ್ಟೇ ಮೇಲೇರಿಸಿ. ನೋವು ಮರುದಿನವೂ ಹೆಚ್ಚೇ ಇದ್ದರೆ ವ್ಯಾಯಾಮ ಕಡಿಮೆ ಮಾಡಿ.

4. ಮಲಗುವಾಗ ತೋಳಿನ ಕೆಳಗೆ ದಿಂಬಿಡಿ. ತಲೆಗಿಂತ ಎತ್ತರದ ಕೆಲಸ ಕೆಲವು ದಿನ ಬೇಡ.

ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳಿಯೇ ನುಂಗಿ. ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ರಕ್ತದೊತ್ತಡ ಇದ್ದರೆ ಮೊದಲೇ ತಿಳಿಸಿ. ತಿಂಗಳುಗಳಾದರೂ ಗುಣವಾಗದಿದ್ದರೆ ಬೇರೆ ದಾರಿಗಳಿವೆ: ಕೀಲಿನ ಹತ್ತಿರ ಇಂಜೆಕ್ಷನ್, ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ಸುಣ್ಣ ತೊಳೆದು ತೆಗೆಯುವುದು, ಶಾಕ್‌ವೇವ್, ಕಡೆಗೆ ದುರ್ಬೀನು ಶಸ್ತ್ರಚಿಕಿತ್ಸೆ. ಸ್ಟೀರಾಯ್ಡ್ ಇಂಜೆಕ್ಷನ್ ಪಡೆದ ಮೇಲೆ ಕೆಲವು ದಿನ ರಕ್ತದ ಸಕ್ಕರೆ ಏರಬಹುದು, ಮಧುಮೇಹಿಗಳು ಪರೀಕ್ಷಿಸಿಕೊಳ್ಳಬೇಕು.

ತಡಮಾಡದೆ ಬನ್ನಿ

ಭುಜದ ನೋವಿನೊಂದಿಗೆ ಎದೆಭಾರ, ಬೆವರು, ಉಸಿರುಕಟ್ಟುವಿಕೆ ಇದ್ದರೆ ಅದು ಹೃದಯದ್ದಿರಬಹುದು. ಕೂಡಲೇ ತುರ್ತು ವಿಭಾಗಕ್ಕೆ ಬನ್ನಿ. 108ಕ್ಕೆ ಕರೆ ಮಾಡಿ. ಜ್ವರದೊಂದಿಗೆ ಭುಜ ಕೆಂಪಾಗಿ ಊದಿದ್ದರೆ, ಬಿದ್ದ ಮೇಲೆ ಕೈ ಎತ್ತಲಾಗದಿದ್ದರೆ, ಕೈ ಮರಗಟ್ಟಿದ್ದರೆ ಅದೇ ದಿನ ತೋರಿಸಿ.

ದುಡಿಯುವ ಕೈ ನಿಂತರೆ ಮನೆಯ ಕಾಯಕವೇ ನಿಲ್ಲುತ್ತದೆ. ಆ ಕೈಯನ್ನು ಆತುರಪಟ್ಟು ಜಗ್ಗಿಸಬೇಡಿ, ಹೆದರಿ ಮಡಿಸಿಯೂ ಇಡಬೇಡಿ. ದಿನಕ್ಕಿಷ್ಟು ಎಂದು ಆಡಿಸುತ್ತಾ ಬನ್ನಿ.