ಏರಿಳಿತದ ಆಟಗಾರನಿಗೆ ಎಷ್ಟು ಅಂಕ?

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿ, ಸಾವಿರಾರು ಉತ್ತರಪತ್ರಿಕೆಗಳಿಗೆ ಅಂಕ ಹಾಕಿ ನಿವೃತ್ತನಾದವನು ನಾನು. ಅಂಕ ಹಾಕುವ ವಿದ್ಯೆ ನನಗೆ ಕರಗತವಾಗಿದೆಯೆಂಬ ನನ್ನ ನಂಬಿಕೆ ಅಲುಗಿದ್ದು ಒಬ್ಬ ಆಟಗಾರನಿಂದ ಎಂದರೆ ಕೇಳುಗರಿಗೆ ವಿಚಿತ್ರವಾಗಿ ತೋರಬಹುದು. ಆತ ನಮ್ಮ ನಾಡಿನವನೂ ಅಲ್ಲ. ನ್ಯೂಯಾರ್ಕಿನ ನಿಕ್ಸ್ ತಂಡದಲ್ಲಿ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಜೂಲಿಯಸ್ ರಾಂಡಲ್ ಎಂಬವನು.

2022ರ ಮೊದಲ ತಿಂಗಳುಗಳನ್ನು ನಾನು ನ್ಯೂಜೆರ್ಸಿಯಲ್ಲಿರುವ ಮಗನ ಮನೆಯಲ್ಲಿ ಕಳೆದೆ. ಹೊರಗೆ ಹಿಮ ಬೀಳುತ್ತಿರುವಾಗ, ರಾತ್ರಿಯ ಊಟ ಮುಗಿಸಿ, ತಂದೆ ಮಗ ಇಬ್ಬರೂ ಟೆಲಿವಿಷನ್ನಿನ ಮುಂದೆ ಕುಳಿತು ನಿಕ್ಸ್ ತಂಡದ ಆಟ ನೋಡುತ್ತಿದ್ದೆವು. ತಂಡಕ್ಕೆ ಐವರಂತೆ ಆಡುವ ಈ ಆಟದಲ್ಲಿ ರಾಂಡಲನದು ಫಾರ್ವರ್ಡ್ ಸ್ಥಾನ. ಆರೂವರೆ ಅಡಿಗೂ ಮಿಕ್ಕ ಎತ್ತರ, ಗೂಳಿಯಂಥ ಭುಜ, ಎಡಗೈ ಆಟ. ಒಂದು ರಾತ್ರಿ ಆತ ಎಸೆದದ್ದೆಲ್ಲ ಬುಟ್ಟಿಯೊಳಗೆ ಬೀಳುತ್ತಿತ್ತು. ಮರುರಾತ್ರಿ ಅದೇ ಕೈ, ಅದೇ ಚೆಂಡು, ಒಂದೂ ಬೀಳುತ್ತಿರಲಿಲ್ಲ. "ಇವನನ್ನು ನಂಬಿ ಕೂರೋ ಹಾಗಿಲ್ಲ ಅಪ್ಪಾ" ಎಂದು ಮಗ ಬೇಸರದಿಂದ ಏಳುತ್ತಿದ್ದ.

ಮಗನ ಬೇಸರಕ್ಕೆ ಕಾರಣವಿತ್ತು. ಹಿಂದಿನ 2020–21ರ ಸಾಲಿನಲ್ಲಿ ಇದೇ ರಾಂಡಲ್ ಪಂದ್ಯವೊಂದಕ್ಕೆ ಸರಾಸರಿ 24.1 ಅಂಕ ಗಳಿಸಿದ್ದ. ಮೂರು ಅಂಕದ ದೂರದ ಎಸೆತಗಳಲ್ಲಿ ನೂರಕ್ಕೆ 41.1ರಷ್ಟನ್ನು ಗುರಿ ಮುಟ್ಟಿಸಿದ್ದ. ಆ ವರ್ಷ ಅತ್ಯಂತ ಹೆಚ್ಚು ಸುಧಾರಿಸಿದ ಆಟಗಾರನೆಂಬ ಪ್ರಶಸ್ತಿ ಅವನದಾಯಿತು. 2013ರ ನಂತರ ಪ್ಲೇ-ಆಫ್ ಹಂತದ ಮುಖ ಕಾಣದಿದ್ದ ತಂಡ ಅಲ್ಲಿಗೆ ತಲುಪಿತು. ಆದರೆ ಅಟ್ಲಾಂಟಾ ತಂಡದೆದುರು ಆಡಿದ ಆ ಐದು ಪಂದ್ಯಗಳಲ್ಲಿ ರಾಂಡಲನ ಎಸೆತಗಳಲ್ಲಿ ಗುರಿ ಮುಟ್ಟಿದವು ನೂರಕ್ಕೆ ಮೂವತ್ತಕ್ಕಿಂತಲೂ ಕಡಿಮೆ. ತಂಡ ಸೋತು ಹೊರಬಿತ್ತು. ಮರುವರ್ಷ, ನಾನು ನೋಡುತ್ತಿದ್ದ 2021–22ರ ಸಾಲಿನಲ್ಲಿ, ಅವನ ಸರಾಸರಿ 20.1ಕ್ಕೂ ಮೂರಂಕದ ಎಸೆತಗಳ ಪ್ರಮಾಣ ನೂರಕ್ಕೆ 30.8ಕ್ಕೂ ಇಳಿದವು. ತಂಡ 82 ಪಂದ್ಯಗಳಲ್ಲಿ 45 ಸೋತಿತು.

ಸರಾಸರಿಯೆಂಬುದು ವಿಚಿತ್ರವಾದ ವಸ್ತು. ಒಂದು ದಿನ ಮೂವತ್ತೈದು, ಇನ್ನೊಂದು ದಿನ ಐದು ಗಳಿಸಿದವನ ಸರಾಸರಿ ಇಪ್ಪತ್ತು. ಆದರೆ ಇಪ್ಪತ್ತು ಗಳಿಸಿದ ಆಟಗಾರನನ್ನು ಆ ಎರಡು ದಿನಗಳಲ್ಲಿ ಯಾರೂ ಕಂಡಿಲ್ಲ. ಹಾಗಾದರೆ ಇಂಥವನ ಒಂದು ವರ್ಷದ ಸಾಧನೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಹಿಂದಿನ ವರ್ಷದಿಂದ ಅಳೆದರೆ ಆತ ಸೋತವನು; ಮಗನ ಅಳತೆ ಅದೇ. ಆದರೆ ಇನ್ನೂ ಒಂದು ವರ್ಷ ಹಿಂದಕ್ಕೆ ಹೋದರೆ, 2019–20ರಲ್ಲಿ ಅವನ ಮೂರಂಕದ ಎಸೆತಗಳ ಪ್ರಮಾಣ ನೂರಕ್ಕೆ 27.7 ಮಾತ್ರ. ಅಂದರೆ ಅಪವಾದವಾಗಿದ್ದುದು ಇಳಿದ ವರ್ಷವಲ್ಲ, ಏರಿದ ವರ್ಷ. ಸಾಂಕ್ರಾಮಿಕದ ಕಾರಣದಿಂದ ಆ ಸಾಲಿನ ಆಟ ಮೊದಮೊದಲು ಬಹುಪಾಲು ಖಾಲಿ ಆಸನಗಳ ಎದುರು, ಅನಂತರ ಸೀಮಿತ ಪ್ರೇಕ್ಷಕರ ಎದುರು ನಡೆದಿತ್ತೆಂಬುದನ್ನೂ ನೆನೆಯಬೇಕು. ಒಮ್ಮೆ ತೋರಿದ ಶಿಖರವನ್ನೇ ನಾವು ಅವನ ನೆಲವೆಂದು ತಿಳಿದೆವು.

ಅಂಕಿಗಳ ಪಟ್ಟಿಯಲ್ಲಿ ಇನ್ನೊಂದು ಸಾಲು ನನ್ನ ಕಣ್ಣಿಗೆ ಬಿದ್ದುದು ತಡವಾಗಿ. ಗುರಿ ತಪ್ಪಿ ಪುಟಿದು ಬರುವ ಚೆಂಡನ್ನು, ಎದುರಾಳಿಗಳ ಮೈಗೆ ಮೈಯೊಡ್ಡಿ ಹಿಡಿಯುವ ಕೆಲಸಕ್ಕೆ ರೀಬೌಂಡ್ ಎನ್ನುತ್ತಾರೆ. ಎಸೆತದಂತೆ ಅದು ಚಪ್ಪಾಳೆ ಗಳಿಸುವುದಿಲ್ಲ. ರಾಂಡಲನ ಸರಾಸರಿ ರೀಬೌಂಡುಗಳು 2019–20ರಲ್ಲಿ 9.7, ಮೆರೆದ ವರ್ಷ 10.2, ಬೈಸಿಕೊಂಡ ವರ್ಷ 9.9. ಆ ವರ್ಷ ಆತ 82ರಲ್ಲಿ 77 ಪಂದ್ಯಗಳನ್ನು ಆಡಿದ್ದ. ಅದೃಷ್ಟ ಬೆರೆತ ಕೆಲಸದಲ್ಲಿ ಏರಿಳಿತ. ಬೆವರಿನ ಕೆಲಸದಲ್ಲಿ ಅದಿಲ್ಲ. ಅಸ್ಥಿರನೆಂದು ನಾವು ಕರೆದವನೊಳಗೆ ಇಷ್ಟು ಸ್ಥಿರನಾದವನೊಬ್ಬನಿದ್ದ.

ಹಾಗೆಂದು ಅವನಿಗೆ ಪೂರ್ಣ ಅಂಕ ಕೊಡಲಾರೆ. ಎಸೆತ ತಪ್ಪಿದಾಗ ಮುಖ ಸಿಂಡರಿಸಿ ನಿಲ್ಲುವುದು, ಎದುರಾಳಿ ಚೆಂಡಿನೊಡನೆ ಓಡುತ್ತಿರುವಾಗ ತಾನು ಹಿಂದೆ ಉಳಿಯುವುದು—ಇವು ದುರದೃಷ್ಟವಲ್ಲ. 2022ರ ಜನವರಿ 6ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬೋಸ್ಟನ್ ತಂಡದೆದುರು 25 ಅಂಕ ಹಿಂದಿದ್ದ ನಿಕ್ಸ್ ಚೇತರಿಸಿಕೊಂಡು ಗೆದ್ದಿತು. ಆ ಗೆಲುವಿನ ರಾತ್ರಿಯಲ್ಲೇ ರಾಂಡಲ್ ತನ್ನೂರಿನ ಪ್ರೇಕ್ಷಕರತ್ತ ಹೆಬ್ಬೆರಳನ್ನು ಕೆಳಮುಖ ಮಾಡಿ ತೋರಿಸಿದ. ಅದೇಕೆಂದು ಕೇಳಿದವರಿಗೆ ಕೆಟ್ಟ ಮಾತಿನಲ್ಲಿ ಉತ್ತರಿಸಿ 25,000 ಡಾಲರ್ ದಂಡ ತೆತ್ತ. ಅನಂತರ ಕ್ಷಮೆ ಬೇಡಿದನೆನ್ನುವುದು ನಿಜ. ಆದರೂ ಚೆಂಡು ಬುಟ್ಟಿಗೆ ಬೀಳುವುದು ಪೂರ್ತಿ ನಮ್ಮ ಕೈಯಲ್ಲಿಲ್ಲ. ಹೆಬ್ಬೆರಳು ನಮ್ಮ ಕೈಯಲ್ಲೇ ಇದೆ.

ಇಲ್ಲಿ ನನ್ನದೊಂದು ಹಳೆಯ ತಪ್ಪನ್ನು ಹೇಳಿಕೊಳ್ಳಬೇಕು. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಒಂದು ಪರೀಕ್ಷೆಯಲ್ಲಿ ಮೊದಲಿಗ, ಮುಂದಿನದರಲ್ಲಿ ಅನುತ್ತೀರ್ಣ. ಅವನ ಪ್ರಗತಿ ಪತ್ರದಲ್ಲಿ ನಾನು "ಸ್ಥಿರತೆ ಇಲ್ಲ" ಎಂದು ಎರಡೇ ಪದ ಬರೆದೆ. ಅದೇ ಪತ್ರದ ಮೇಲ್ತುದಿಯಲ್ಲಿ ಅವನ ಹಾಜರಾತಿ ಇತ್ತು. ವರ್ಷವಿಡೀ ಒಂದು ದಿನವೂ ತಪ್ಪಿಸಿರಲಿಲ್ಲ. ಹಾಜರಿಯ ಪುಸ್ತಕ ತುಂಬಿದವನೂ ನಾನೇ. ಆದರೂ ಆ ಎರಡು ಪದ ಬರೆಯುವಾಗ ಅದು ನನ್ನ ಕಣ್ಣಿಗೆ ಕಾಣಲಿಲ್ಲ. ನ್ಯೂಜೆರ್ಸಿಯ ಆ ರಾತ್ರಿಗಳಲ್ಲಿ ರೀಬೌಂಡುಗಳ ಸಾಲನ್ನು ಓದುತ್ತಿದ್ದಾಗ ನೆನಪಾದದ್ದು ಆ ಪ್ರಗತಿ ಪತ್ರ.

ರಾಂಡಲನ ಮುಂದಿನ ಕಥೆಯನ್ನೂ ಹೇಳಿಬಿಡುತ್ತೇನೆ. 2022ರ ಬೇಸಿಗೆಯಲ್ಲಿ ಜೇಲನ್ ಬ್ರನ್ಸನ್ ತಂಡ ಸೇರಿ, ಚೆಂಡನ್ನು ನಡೆಸುವ ಹೊರೆಯನ್ನು ಹಂಚಿಕೊಂಡ. ಆ ಸಾಲಿನಲ್ಲಿ ರಾಂಡಲನ ಸರಾಸರಿ 25.1ಕ್ಕೆ ಏರಿತು, 2023ರ ಮಾರ್ಚ್ 20ರಂದು ಮಿನೆಸೋಟಾ ತಂಡದೆದುರು ಒಂದೇ ಪಂದ್ಯದಲ್ಲಿ 57 ಅಂಕ ಗಳಿಸಿದ. ಆ ಪಂದ್ಯವನ್ನು ನಿಕ್ಸ್ ಸೋತಿತೆಂಬುದೂ ಅವನ ಕಥೆಗೆ ತಕ್ಕದ್ದೇ. 2024ರ ಅಕ್ಟೋಬರಿನಲ್ಲಿ ಆತ ಅದೇ ಮಿನೆಸೋಟಾಕ್ಕೆ ವರ್ಗವಾದ. ಏರಿದ ಆ ವರ್ಷವೂ ರೀಬೌಂಡು ಹತ್ತೇ.

ಹಾಗಾದರೆ 2021–22ರ ಸಾಲಿಗೆ ನನ್ನ ಅಂಕವೆಷ್ಟು? ನೂರಕ್ಕೆ ಐವತ್ತೈದು ಎನ್ನುತ್ತೇನೆ. ದುಡಿಮೆಗೆ ಪೂರ್ಣ, ಗುರಿಗೆ ಅರ್ಧ, ಸಿಟ್ಟಿಗೆ ಸೊನ್ನೆ. ಮಗ ಇದನ್ನು ಒಪ್ಪಿಲ್ಲ. ಮೂವತ್ತೈದಕ್ಕಿಂತ ಹೆಚ್ಚು ಕೊಡಲಾರೆನೆನ್ನುತ್ತಾನೆ. ಒಂದು ಮಾತಿನಲ್ಲಿ ಮಾತ್ರ ನಮ್ಮಿಬ್ಬರಿಗೂ ಒಪ್ಪಿಗೆಯಿದೆ. ಒಬ್ಬನನ್ನು ಅಸ್ಥಿರನೆನ್ನುವ ಮೊದಲು, ಯಾವುದರಲ್ಲಿ ಎಂದು ಕೇಳಿಕೊಳ್ಳಬೇಕು. ಆ ಹುಡುಗನ ಪತ್ರದಲ್ಲಿ ಆ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ.