ಯಾವ ಕೋವಿ ತೆಗೆಯಬೇಕು? ಮೊದಲು ಈ ಲೆಕ್ಕ ನೋಡಿ

(ಸುಳ್ಯ ತಾಲ್ಲೂಕಿನ ಗಡಿಭಾಗದ ಒಂದು ಗ್ರಾಮದಲ್ಲಿ ನಡೆದ ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ಸಭೆ ಮುಗಿದು ಚಾ ಕುಡಿಯುವಾಗ ಕಡಬದ ಕಡೆಯ ಒಬ್ಬ ಯುವಕ ನನ್ನನ್ನು ಪಕ್ಕಕ್ಕೆ ಕರೆದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಅಮೆರಿಕದ ಯಾವುದೋ ಬಯಲು. ದಪ್ಪ ನಳಿಗೆಯ ರೈಫಲಿಗೆ ಎರಡು ಕಾಲು ಕೊಟ್ಟು, ಮೇಲೆ ದುರ್ಬೀನು ಕೂರಿಸಿ, ಒಬ್ಬ ಮನುಷ್ಯ ನೆಲದಲ್ಲಿ ಮಲಗಿದ್ದಾನೆ. ಮುನ್ನೂರು ಗಜ ಆಚೆ ಬಿಲದಿಂದ ತಲೆ ಎತ್ತಿದ ಪ್ರಾಣಿಯನ್ನು ಹೊಡೆಯುತ್ತಾನೆ. ಯುವಕ ಕೇಳಿದ: "ಮಾವ, ಇಂಥದ್ದೊಂದು ತೆಗೆದರೆ ನಮ್ಮ ಹಂದಿಗೆ, ಮಂಗಕ್ಕೆ ಒಂದು ಗತಿ ಕಾಣಿಸಬಹುದಲ್ಲ? ಇದಕ್ಕೆ ಸೊಸೈಟಿಯಲ್ಲಿ ಸಾಲ ಸಿಗ್ತದಾ?"

ಎರಡನೆಯ ಪ್ರಶ್ನೆ ಕೇಳಿ ನನಗೆ ಹೊಟ್ಟೆ ಚುರುಕ್ ಅಂತು. ಇಂದು ಅವನಿಗೂ ನಿಮಗೂ ಸೇರಿಸಿ ಉತ್ತರ ಹೇಳುತ್ತೇನೆ. ಕೋವಿ ಬೇಡ ಅಂತ ಹೇಳುವವನು ನಾನಲ್ಲ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಕೋವಿ ಉಂಟು. ಆದರೆ ಯಾವ ಕೋವಿ, ಯಾರ ಖರ್ಚಿನಲ್ಲಿ, ಯಾವ ಕಾನೂನಿನ ಒಳಗೆ, ಈ ಮೂರು ತಿಳಿಯದೆ ಅಂಗಡಿ ಮೆಟ್ಟಿಲು ಹತ್ತಬೇಡಿ.

ಮೊದಲು ಆ ದಪ್ಪ ನಳಿಗೆಯ ಮಾತು. ಅಲ್ಲಿನವರಿಗೆ ಅದು ಸರಿಯೇ. ಮರವಿಲ್ಲದ ಬಯಲು, ಸಣ್ಣ ಪ್ರಾಣಿ, ಒಂದರ ಹಿಂದೆ ಒಂದರಂತೆ ಗುಂಡು. ತೆಳು ನಳಿಗೆ ಬೇಗ ಕಾದು ಗುರಿ ಕದಲುತ್ತದೆ. ದಪ್ಪ ನಳಿಗೆ ನಿಧಾನಕ್ಕೆ ಕಾಯುತ್ತದೆ, ಭಾರ ಇರುವುದರಿಂದ ಅಲುಗುವುದೂ ಕಡಿಮೆ. ದುರ್ಬೀನು ಸೇರಿದರೆ ನಾಲ್ಕೈದು ಕಿಲೋ. ಅದನ್ನು ಹೊತ್ತು ನಮ್ಮ ಗುಡ್ಡೆ ಹತ್ತಿ, ಕಣಿ ದಾಟಿ, ಜಾರುವ ಕಟ್ಟಪುಣಿಯ ಮೇಲೆ ರಾತ್ರಿ ನಡೆಯುವವರು ಯಾರು? ಅಡಿಕೆ ಗಿಡ ನಾವು ಇಡುವುದು ಒಂಬತ್ತು ಅಡಿಗೆ ಒಂದು. ನಡುವೆ ಬಾಳೆ, ಕೊಕ್ಕೋ, ಮೇಲೆ ಕಾಳುಮೆಣಸಿನ ಬಳ್ಳಿ. ಹಗಲಲ್ಲೇ ಮೂವತ್ತು ಗಜ ಆಚೆ ನಿಂತ ಮನುಷ್ಯ ಕಾಣುವುದಿಲ್ಲ. ಮುನ್ನೂರು ಗಜದ ಕೋವಿ ಯಾಕೆ ಬೇಕು ಮಾರಾಯ್ರೆ?

ಬೇಡ ಎನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಉಂಟು. ರೈಫಲಿನ ಗುಂಡು ಗುರಿ ತಪ್ಪಿದರೆ ನಿಲ್ಲುವುದಿಲ್ಲ. ಅತಿ ಸಣ್ಣದು ಅಂತ ಹೇಳುವ ಪಾಯಿಂಟ್ 22ರ ಗುಂಡು ಕೂಡ ಒಂದು ಮೈಲು ದೂರ ಹೋಗಬಲ್ಲದು. ನಮ್ಮಲ್ಲಿ ಒಂದು ಮೈಲಿನೊಳಗೆ ಎಷ್ಟು ಮನೆ, ಎಷ್ಟು ಅಂಗಳ, ಎಷ್ಟು ಶಾಲೆಗೆ ಹೋಗುವ ಮಕ್ಕಳ ಕಾಲುದಾರಿ? ಲೆಕ್ಕ ಹಾಕಿ ನೋಡಿ.

ಇನ್ನು ಅಳತೆ. ರೈಫಲಿಗೆ ಇಂಚಿನ ಲೆಕ್ಕ. ನಮ್ಮ ದೇಶದ ಸರಕಾರಿ ಕಾರ್ಖಾನೆಯ ಪಾಯಿಂಟ್ 315 ಅಂದರೆ ಎಂಟು ಮಿಲಿಮೀಟರು. ನಮ್ಮ ತೋಟೆ ಕೋವಿಗೆ ಬೇರೆ ಲೆಕ್ಕ. ನಳಿಗೆಯೊಳಗೆ ಸರಿಯಾಗಿ ಕೂರುವ ಸೀಸದ ಉಂಡೆ ಹನ್ನೆರಡು ಸೇರಿ ಒಂದು ಪೌಂಡು, ಅಂದರೆ 454 ಗ್ರಾಂ, ತೂಗಿದರೆ ಅದು ಹನ್ನೆರಡು ಬೋರು. ನಳಿಗೆಯ ಬಾಯಿ ಸುಮಾರು ಹದಿನೆಂಟೂವರೆ ಮಿಲಿಮೀಟರು. ಹದಿನಾರು ಬೋರು ಅಂದರೆ ದೊಡ್ಡದು ಅಂತ ಕೆಲವರು ತಿಳಿದಿದ್ದಾರೆ. ಅಲ್ಲ, ಸಂಖ್ಯೆ ಏರಿದಂತೆ ಬಾಯಿ ಸಣ್ಣದು. ಚಿಲ್ಲಿನದೂ ಹಾಗೆಯೇ: ಆರನೇ ನಂಬ್ರದ್ದು ನಾಲ್ಕನೆಯದಕ್ಕಿಂತ ಸಣ್ಣ ಕಾಳು. ಎಲ್‌ಜಿ, ಎಸ್‌ಜಿ ದೊಡ್ಡ ಕಾಳು. ಅದರ ನಂಬಿಕೆಯ ದೂರ ಮೂವತ್ತು, ಹೆಚ್ಚೆಂದರೆ ನಲವತ್ತು ಗಜ. ಅದರಾಚೆ ಕಾಳು ಹರಡಿ ಪ್ರಾಣಿ ಗಾಯಗೊಂಡು ಓಡುತ್ತದೆ. ಗಾಯದ ಹಂದಿ ಮರುದಿನ ಸೊಪ್ಪು ಕೊಯ್ಯಲು ಹೋದ ಹೆಂಗಸಿನ ಮೇಲೆ ಬೀಳುತ್ತದೆ.

ಅಜ್ಜನ ಕೇಪಿನ ಕೋವಿಯ ಕಥೆ ನಿಮಗೆ ಗೊತ್ತೇ ಉಂಟು. ಮದ್ದು ಹಾಕಿ, ತೆಂಗಿನ ನಾರು ಒತ್ತಿ, ಚಿಲ್ಲು ಸುರಿದು, ಮತ್ತೆ ಗಜ ಹಾಕಿ ಇಡಿಯಬೇಕು. ಆಷಾಢದ ಮಳೆಯಲ್ಲಿ ಮದ್ದು ತಂಡಿ ಹಿಡಿದರೆ ಕೇಪು ಸಿಡಿದೀತು, ಕೋವಿ ಸಿಡಿಯದು. ಕೆಲವೊಮ್ಮೆ ತಡವಾಗಿ ಸಿಡಿಯುತ್ತದೆ. ಆಗ ಅವಸರದಲ್ಲಿ ನಳಿಗೆಗೆ ಮುಖ ಕೊಟ್ಟು ನೋಡಬೇಡಿ. ಬಾಯಿ ಮಣ್ಣಿನ ದಿಬ್ಬದ ಕಡೆಗೇ ಇಟ್ಟು ಒಂದು ನಿಮಿಷ ಕಾಯಿರಿ. ಹೊಡೆದ ಮೇಲೆ ಬಿಸಿನೀರಿನಲ್ಲಿ ತೊಳೆದು ಎಣ್ಣೆ ಹಾಕದಿದ್ದರೆ ಮದ್ದಿನ ಮಸಿ ನಳಿಗೆಯನ್ನು ತಿನ್ನುತ್ತದೆ. ತುಕ್ಕು ತಿಂದ ನಳಿಗೆ ಒಡೆದರೆ ಹೋಗುವುದು ಹೊಡೆದವನ ಕೈ, ಕಣ್ಣು.

ಹಾಗಾದರೆ ನನ್ನ ಸಲಹೆ? ನಮ್ಮ ತೋಟಕ್ಕೆ ಹನ್ನೆರಡು ಬೋರಿನ ಒಂಟಿ ನಳಿಗೆ ತೋಟೆ ಕೋವಿ ಸಾಕು. ಹಗುರ, ಮಳೆಗೂ ಆಗುತ್ತದೆ, ತೋಟೆ ತೆಗೆದು ಬೇರೆ ಇಟ್ಟರೆ ಮನೆಯಲ್ಲಿ ಮಕ್ಕಳಿಗೆ ಅಪಾಯ ಕಡಿಮೆ. ಜೋಡು ನಳಿಗೆ ಇದ್ದವರು ಇಟ್ಟುಕೊಳ್ಳಿ, ಅದಕ್ಕಾಗಿ ಸಾಲ ಮಾಡಬೇಡಿ. ನಾನು ಮಾಡಿದವನು, ಅದಕ್ಕೇ ಹೇಳುತ್ತೇನೆ. ಹೆಂಡತಿಯ ಎರಡು ಬಳೆ ಅಡವಿಟ್ಟು ಜೋಡು ನಳಿಗೆ ತಂದೆ. ಬಳೆ ಬಿಡಿಸುವಾಗ ಮೂರು ಅಡಿಕೆ ಕೊಯಿಲು ಕಳೆದಿತ್ತು. ಆ ಮೂರು ವರ್ಷದಲ್ಲಿ ಎರಡನೆಯ ನಳಿಗೆ ನನ್ನ ಉಪಯೋಗಕ್ಕೆ ಬಂದದ್ದು ಒಮ್ಮೆಯೂ ಇಲ್ಲ.

ಆ ಕೋವಿಯ ಇನ್ನೊಂದು ಸಂಗತಿಯನ್ನು ಸಭೆಯಲ್ಲಿ ಹೇಳಿದವನಲ್ಲ. ಇವತ್ತು ಹೇಳುತ್ತೇನೆ. ಒಂದು ಶ್ರಾವಣದ ರಾತ್ರಿ, ಮಳೆ ಹೊಯ್ಯುತ್ತಿತ್ತು. ಹಿಂದಿನ ವಾರ ಹಂದಿ ಬಂದು ಎರಡು ವರ್ಷದ ನಲವತ್ತು ಅಡಿಕೆ ಗಿಡ ಮಗುಚಿ ಹಾಕಿತ್ತು. ಸಿಟ್ಟು ತಲೆಗೇರಿತ್ತು. ಕೆಸುವಿನ ಗಿಡಗಳ ನಡುವೆ ಸರಸರ ಸದ್ದು. ಟಾರ್ಚಿನ ಮಂದ ಬೆಳಕಿಗೆ ಬಾಗಿದ ಕಪ್ಪು ಬೆನ್ನು ಕಂಡಿತು. ಇಪ್ಪತ್ತು ಗಜ. ಕೋವಿ ಭುಜಕ್ಕೆ ಬಂತು, ಬೆರಳು ಟ್ರಿಗರಿಗೆ ಬಂತು. ಆಗ ಆ ಬೆನ್ನು ಕೆಮ್ಮಿತು. ನನ್ನ ತಮ್ಮ! ಕಣಿ ಕಟ್ಟಿಕೊಂಡಿದೆಯೆಂದು ನೀರು ಬಿಡಿಸಲು ಹಳೆಯ ಗೊರಬು ಹೊದ್ದು ಬಗ್ಗಿದ್ದ. ಆ ಕೆಮ್ಮು ಒಂದು ಕ್ಷಣ ತಡವಾಗಿದ್ದರೆ ನಾನು ಇವತ್ತು ನಿಮ್ಮೆದುರು ನಿಲ್ಲುತ್ತಿರಲಿಲ್ಲ. ಅವನಿಗೆ ಈ ವಿಷಯ ಹೇಳಲು ನನಗೆ ಆರು ವರ್ಷ ಬೇಕಾಯಿತು.

ಆದ್ದರಿಂದ ಬೋರಿಗಿಂತ ಮೊದಲು ನಿಯಮ. ಪೂರ್ತಿ ಪ್ರಾಣಿ ಕಾಣದೆ ಕೋವಿ ಎತ್ತಬಾರದು. ಸದ್ದಿಗೆ, ನೆರಳಿಗೆ, ಕಣ್ಣಿನ ಹೊಳಪಿಗೆ ಗುಂಡಿಲ್ಲ. ಪ್ರಾಣಿಯ ಹಿಂದೆ ಮಣ್ಣಿನ ಬರೆ ಇರಬೇಕು. ಮುರಕಲ್ಲಿನ ಗೋಡೆ ಇದ್ದರೆ ಬೇಡ, ಕಾಳು ತಿರುಗಿ ಬರುತ್ತದೆ. ಯಾರು ಎಲ್ಲಿ ಕಾಯುತ್ತಾರೆ ಅಂತ ಸಂಜೆಯೇ ಮನೆಮನೆಗೆ ತಿಳಿಸಿರಬೇಕು. ಕುಡಿದವನ ಕೈಗೆ ಕೋವಿ ಇಲ್ಲ. ತಂತಿಗೆ ಕರೆಂಟು ಕೊಡುವುದು, ಸಿಡಿಮದ್ದು ಇಡುವುದು, ಉರುಳು ಹಾಕುವುದು, ಇವು ಯಾವುದೂ ಬೆಳೆ ರಕ್ಷಣೆ ಅಲ್ಲ. ಇಲಿ ಬಂತೆಂದು ಮನೆಗೆ ಬೆಂಕಿ ಇಡುವ ಕೆಲಸ.

ಈಗ ಕಾನೂನು. ನಿದ್ದೆ ಬಂದರೂ ಸ್ವಲ್ಪ ಕೇಳಿ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಸೆಕ್ಷನ್ನಿನ 3ನೇ ಉಪವಿಭಾಗದಲ್ಲಿ ನಮ್ಮ ಹೆಸರು ಉಂಟು. ಪ್ರಾಮಾಣಿಕ ಬೆಳೆ ರಕ್ಷಣೆಗೆ ಬಾಯಿಮದ್ದಿನ ಕೋವಿಗೆ ಪರವಾನಗಿ ಕೊಡತಕ್ಕದ್ದು ಅಂತ ಉಂಟು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಕೋವಿಗೂ ಕೊಡಬಹುದು. ತೋಟೆ ಕೋವಿ ಕೇಳುವವರು ಅರ್ಜಿಯಲ್ಲಿ ಇದನ್ನೇ ಬರೆಯಿರಿ: ನಮ್ಮದು ಮಳೆನಾಡು, ಕಾಡಂಚು, ಕೇಪಿನ ಕೋವಿ ಸಾಲದು ಅಂತ. ಆ ಬೆಳೆ ರಕ್ಷಣೆಯ ಮಾತಿನಲ್ಲಿ ರೈಫಲಿನ ಹೆಸರೇ ಇಲ್ಲ. ಅರ್ಜಿ ತಿರಸ್ಕರಿಸಿದರೆ ಕಾರಣ ಬರಹದಲ್ಲಿ ಕೇಳಿ, 18ನೇ ಸೆಕ್ಷನ್ನಿನಲ್ಲಿ ಮೇಲ್ಮನವಿಗೂ ಅವಕಾಶ ಉಂಟು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷ. ನವೀಕರಣದ ತಾರೀಕನ್ನು ಮನೆಯ ಪಂಚಾಂಗದಲ್ಲಿ ಗುರುತು ಹಾಕಿ.

ಆದರೆ ಒಂದು ಎಚ್ಚರಿಕೆ. ಕೋವಿಯ ಪರವಾನಗಿ ಅಂದರೆ ಪ್ರಾಣಿ ಕೊಲ್ಲುವ ಪರವಾನಗಿ ಅಲ್ಲ. ಅದಕ್ಕೆ ಬೇರೆ ಕಾನೂನು, 1972ರ ವನ್ಯಜೀವಿ ಕಾಯಿದೆ. ಹಂದಿ ಎರಡನೇ ಪಟ್ಟಿಯ ಪ್ರಾಣಿ. ಬೆಳೆಗೆ ಅಪಾಯವಾದರೆ 11ನೇ ಸೆಕ್ಷನ್ನಿನಲ್ಲಿ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಬರಹದಲ್ಲಿ ಅನುಮತಿ ಕೊಡಬಹುದು. ಅನುಮತಿ ಇಲ್ಲದೆ ಹೊಡೆದರೆ ಕೇಸು, ಕೋವಿ ಜಪ್ತಿ, ಪರವಾನಗಿಗೂ ಕುತ್ತು. ಕಾಟಿ, ಆನೆ, ನವಿಲು ಮೊದಲನೇ ಪಟ್ಟಿಯವು. 2022ರ ತಿದ್ದುಪಡಿಯಲ್ಲಿ ನಮ್ಮ ಊರಿನ ಮಂಗವನ್ನೂ ಮೊದಲನೇ ಪಟ್ಟಿಗೆ ಏರಿಸಿದ್ದಾರೆ. ಗಾಯ ಮಾಡಿದರೂ ಅದು ಬೇಟೆಯೇ. ಏರ್‌ಗನ್ನಿನಲ್ಲಿ ಹೊಡೆದರೆ ಏನಾಗ್ತದೆ ಅನ್ನುವವರು ಇದನ್ನು ನೆನಪಿಡಿ. ಇನ್ನು ಆನೆ: 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಇಬ್ಬರ ಜೀವ ಹೋಯಿತು. ಅದಕ್ಕೆ ನಮ್ಮ ಯಾವ ಕೋವಿಯೂ ಉತ್ತರವಲ್ಲ. ಸರಕಾರವೇ ಉತ್ತರ ಕೊಡಬೇಕು.

ಇಲ್ಲಿ ಗಡಿಯವರಿಗೆ ಒಂದು ತಮಾಷೆ ಕಾಣುತ್ತದೆ. ಪಯಸ್ವಿನಿ ಹೊಳೆ ಸುಳ್ಯದಿಂದ ಕಾಸರಗೋಡಿಗೆ ಹರಿಯುತ್ತದೆ. ಹಂದಿ ಎರಡೂ ಕಡೆ ನೀರು ಕುಡಿಯುತ್ತದೆ. ಕೇರಳದಲ್ಲಿ 2022ರಲ್ಲಿ, ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತಿನ ಅಧ್ಯಕ್ಷರಿಗೇ ಕೊಟ್ಟರು. ಹೊಳೆ ದಾಟಿ ಈಚೆ ಬಂದರೆ ಅದೇ ಹಂದಿಗೆ ಬೇರೆ ಮರ್ಯಾದೆ! ಇತ್ತ ಸಂಪಾಜೆ ದಾಟಿ ಕೊಡಗಿಗೆ ಹೋದರೆ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದಲೇ ವಿನಾಯಿತಿ. 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಅವರಿಗೆ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ನಡುವೆ ಇರುವ ನಾವು ಏನು ಪಾಪ ಮಾಡಿದ್ದೇವೆ ಅಂತ ಮಾತ್ರ ಕೇಳುವುದು.

ಚುನಾವಣೆ ಬಂದಾಗ ಇನ್ನೊಂದು ಗೋಳು. 2024ರಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ಜೂನ್ 4ಕ್ಕೆ ಎಣಿಕೆ. ಎಂಬತ್ತು ದಿವಸ. ಗೇರು, ಹಲಸು, ಕೊಕ್ಕೋ, ಬೊಂಡ ಎಲ್ಲ ಇರುವ ಕಾಲವೇ ಅದು. ಕೋವಿ ಠಾಣೆಯಲ್ಲಿ, ರೈತ ಅಂಗಳದಲ್ಲಿ, ಮಂಗ ಮರದಲ್ಲಿ. ಆದರೆ ಚುನಾವಣಾ ಆಯೋಗದ ಸೂಚನೆ ಏನು ಹೇಳುತ್ತದೆ? ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠರು ಇರುವ ಪರಿಶೀಲನಾ ಸಮಿತಿ ಒಬ್ಬೊಬ್ಬರ ವಿಷಯ ನೋಡಬೇಕು. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ಸೇರಿದವರು ಅಂತ ಗುರುತಿಸಿ ನೋಟೀಸು ಕೊಡಬೇಕು. ಎಲ್ಲರ ಕೋವಿ ಒಟ್ಟಿಗೆ ಗುಡಿಸಿ ಒಯ್ಯಬೇಕೆಂದು ಇಲ್ಲ. ಮುಂದಿನ ಚುನಾವಣೆಗೆ ಮೊದಲೇ ಊರಿನವರೆಲ್ಲ ಸೇರಿ ವಿನಾಯಿತಿ ಅರ್ಜಿ ಕೊಟ್ಟು, ಸ್ವೀಕೃತಿ ಚೀಟಿ ತೆಗೆದಿಡಿ. ಒಬ್ಬೊಬ್ಬರೇ ಹೋದರೆ ಬೆಂಚಿನಲ್ಲಿ ಕೂರಿಸುತ್ತಾರೆ.

ಕೊನೆಗೆ ನಮ್ಮ ಈ ಪತ್ರಿಕೆಯ ಹಳೆಯ ಮಾತಿಗೆ ಬರುತ್ತೇನೆ: ಬೆಲೆ ಮತ್ತು ಸಾಲ. ಗೊಬ್ಬರ, ಮೈಲುತುತ್ತು, ಕೊಯ್ಲಿನ ಕೂಲಿ, ಇದನ್ನು ನಾವು ಬರೆದಿಡುತ್ತೇವೆ. ರಾತ್ರಿ ಕಾವಲು ಬರೆಯುತ್ತೇವಾ? ತೋಟೆ, ಬ್ಯಾಟರಿ, ಬೇಲಿ, ಪಟಾಕಿ, ಕೋವಿ ನವೀಕರಣಕ್ಕೆ ಪೇಟೆಗೆ ಅಲೆದ ದಿನಗಳು? ನಿದ್ದೆಗೆಟ್ಟು ಮರುದಿನ ಕೆಲಸ ನಿಂತದ್ದು? ಇಲ್ಲ. ನಾವೇ ಬರೆಯದ ಖರ್ಚನ್ನು ಸರಕಾರ ಬೆಲೆಯಲ್ಲಿ ಹಿಡಿಯುತ್ತದಾ? ಅಡಿಕೆಗೆ ಬೆಂಬಲ ಬೆಲೆಯೇ ಇಲ್ಲ, ಇರುವುದು 2023ರಲ್ಲಿ ಕಿಲೋಗೆ 351 ರೂಪಾಯಿ ಅಂತ ನಿಗದಿಯಾದ ಆಮದು ಕನಿಷ್ಠ ದರ. ವಿಮೆಯಾದರೂ ಉಂಟಲ್ಲ ಅನ್ನಬೇಡಿ. ಅಡಿಕೆ, ಕಾಳುಮೆಣಸಿಗೆ ನಾವು ಕಟ್ಟುವುದು ಹವಾಮಾನ ಆಧಾರಿತ ವಿಮೆ. ಹಂದಿ ಮಗುಚಿದ ಗಿಡಕ್ಕೆ ಮಳೆಮಾಪಕ ಸಾಕ್ಷಿ ಹೇಳುತ್ತದಾ? ಫಸಲ್ ಬಿಮಾ ಯೋಜನೆಯಲ್ಲಿ ಕಾಡುಪ್ರಾಣಿಯ ಹಾನಿಯನ್ನೂ ಸೇರಿಸುತ್ತೇವೆಂದು ಕೇಂದ್ರ ಸರಕಾರ 2025ರ ನವೆಂಬರಿನಲ್ಲಿ ಹೇಳಿತು. ಒಳ್ಳೆಯದು. ನಮ್ಮ ತೋಟದ ಬೆಳೆಗೂ ಅದು ಬರಬೇಕು ಅಂತ ಕೇಳುವ ಕೆಲಸ ನಮ್ಮದು.

ಆ ಯುವಕನಿಗೆ ನಾನು ಹೇಳಿದ್ದು ಇಷ್ಟೇ: "ಮಗಾ, ರೈಫಲಿಗೆ ಸಾಲ ಕೇಳಬೇಡ. ಹತ್ತು ರೂಪಾಯಿಯ ಒಂದು ನೋಟ್ ಪುಸ್ತಕ ತೆಗೆದುಕೋ. ಯಾವ ರಾತ್ರಿ ಏನು ಬಂತು, ಎಷ್ಟು ಗಿಡ ಹೋಯಿತು, ಎಷ್ಟು ಗಂಟೆ ಕಾದೆ, ಎಲ್ಲ ಬರೆ. ಫೋಟೋ ತೆಗೆ. ಗ್ರಾಮಸಭೆಯಲ್ಲಿ ಓದು."

ನಿಮಗೂ ಅದೇ ಮಾತು. ಊರಿಗೆ ನೂರು ಪುಸ್ತಕ ಆದ ದಿನ ನಾವೆಲ್ಲ ಸೇರಿ ಕಚೇರಿಗೆ ಹೋಗುವ. ಹಂದಿಯ ಅನುಮತಿ ಪಂಚಾಯತಿಗೆ ಬರಲಿ, ಕಾವಲಿನ ಕೂಲಿ ಉತ್ಪಾದನಾ ವೆಚ್ಚಕ್ಕೆ ಸೇರಲಿ ಅಂತ ಲೆಕ್ಕ ಇಟ್ಟು ಕೇಳುವ. ಅಲ್ಲಿವರೆಗೆ ಇದ್ದ ಕೋವಿಗೆ ಎಣ್ಣೆ ಹಾಕಿ, ತೋಟೆ ಬೇರೆ ಇಡಿ. ಕತ್ತಲಲ್ಲಿ ಬಗ್ಗಿದ ಬೆನ್ನು ಕಂಡರೆ ಮೊದಲು ಒಂದು ಕೂಗು ಹಾಕಿ. ಹಂದಿಯಾದರೆ ಓಡುತ್ತದೆ. ತಮ್ಮನಾದರೆ ಉತ್ತರ ಕೊಡುತ್ತಾನೆ.